ಒಂದು ಕಂಪ್ಯೂಟರಿಗೆ ಒಬ್ಬರೇ

ಹೊಸ ಊರಿಗೆ ಹೋದರೆ ಕೆಲವರು ಒಳ್ಳೆಯ ಹೋಟೆಲು ಹುಡುಕುತ್ತಾರೆ, ಕೆಲವರು ಸೀರೆ ಅಂಗಡಿ ಹುಡುಕುತ್ತಾರೆ. ನನ್ನ ಚಪಲ ಬೇರೆ. ಗೋಡೆಯ ಮೇಲೆ ನಿಯಮಗಳ ಫಲಕ ಕಂಡರೆ ಸಾಕು, ನಿಂತು ಒಂದರಿಂದ ಕೊನೆಯವರೆಗೆ ಓದಿ ಮುಗಿಸಬೇಕು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಡೆಗೆ ಬಸ್ ಸ್ಟ್ಯಾಂಡಿನ ಶೌಚಾಲಯದ ಬಾಗಿಲಲ್ಲಿ ಕೂಡ. ನಮ್ಮ ಯಜಮಾನರು ಹತ್ತು ಹೆಜ್ಜೆ ಮುಂದೆ ಹೋಗಿ, ಪಕ್ಕದಲ್ಲಿ ನಾನಿಲ್ಲವೆಂದು ತಿಳಿದು ವಾಪಸು ಬಂದು, "ಏನಂತೆ?" ಎಂದು ಕೇಳುತ್ತಾರೆ. ನಿಯಮ ಪಾಲಿಸಬೇಕೆಂಬ ಭಕ್ತಿಯಿಂದ ಓದುತ್ತೇನೆ ಅಂದುಕೊಳ್ಳಬೇಡಿ. ಇಂಥದೊಂದು ನಿಯಮ ಮಾಡಬೇಕಾದರೆ ಅದಕ್ಕೆ ಮೊದಲು ಯಾರೋ ಏನೋ ಮಾಡಿರಬೇಕಲ್ಲ, ಅವರು ಯಾರು, ಏನು ಮಾಡಿದರು ಎಂಬ ಕೆಟ್ಟ ಕುತೂಹಲ, ಅಷ್ಟೇ.

ಈ ಕುತೂಹಲಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಹುಣಸೂರಿನಲ್ಲಿ ನಮ್ಮ ಬಡಾವಣೆಯ ಗ್ರಂಥಾಲಯ. ಎರಡು ಕೋಣೆ, ಒಂದು ಜಗಲಿ. ಜಗಲಿಯಲ್ಲಿ ದಿನಪತ್ರಿಕೆ ಓದುವವರ ಬೆಂಚು. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಪುಸ್ತಕ ಎರವಲು ಪಡೆಯುವ ನಿಯಮಗಳು, ಒಟ್ಟು ಹದಿನೆಂಟು. ಮೊದಲ ಆರು ಎಲ್ಲ ಕಡೆಯೂ ಇರುವಂಥವು: ಒಂದು ಚೀಟಿಗೆ ಒಂದು ಪುಸ್ತಕ, ಹದಿನೈದು ದಿನದ ಗಡುವು, ಹೀಗೆ. ಏಳರಿಂದ ರುಚಿ ಹತ್ತುತ್ತದೆ. "ಪುಟದ ಗುರುತಿಗಾಗಿ ವೀಳ್ಯದೆಲೆ, ಬೀಡಿ, ಒಣಮೀನು ಮುಂತಾದವುಗಳನ್ನು ಇಡಬಾರದು." ವೀಳ್ಯದೆಲೆ ಸರಿ. ಒಣಮೀನು? ಅಷ್ಟಕ್ಕೇ ಸುಮ್ಮನಾಗುವ ಹೆಂಗಸು ನಾನಲ್ಲ. ಗ್ರಂಥಪಾಲಕಿ ವಿಶಾಲಾಕ್ಷಿ ಮೇಡಂ ಅವರನ್ನು ಕೇಳಿದೆ. ಸಂತೆಯಿಂದ ನೇರವಾಗಿ ಬಂದ ಓದುಗರೊಬ್ಬರು, ಕಥೆ ರೋಚಕವಾದ ಘಟ್ಟದಲ್ಲಿ ಬಸ್ಸು ಬಂತೆಂದು ಕೈಗೆ ಸಿಕ್ಕಿದ್ದನ್ನು ಇಟ್ಟು ಮುಚ್ಚಿದರಂತೆ. ಹದಿನಾಲ್ಕನೆಯದು ಇನ್ನೂ ಸೊಗಸು: "ಪತ್ತೇದಾರಿ ಕಾದಂಬರಿಗಳ ಮೊದಲ ಪುಟದಲ್ಲಿ ಕೊಲೆಗಾರನ ಹೆಸರು ಬರೆಯಬಾರದು." ಅದು ಯಾರ ಕೆಲಸವೆಂದು ಕೇಳಿದಾಗ ವಿಶಾಲಾಕ್ಷಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಹೆಸರು ಹೇಳೋದಿಲ್ಲ. ನಿಮ್ಮ ಯಜಮಾನ್ರಿಗೆ ಚೆನ್ನಾಗಿ ಗೊತ್ತಿರೋರು," ಎಂದರು. ಎರಡು ದಿನ ನಾನು ಮನೆಯಲ್ಲಿ ಯಜಮಾನರ ಅಕ್ಷರವನ್ನೇ ಗಮನಿಸುತ್ತಿದ್ದೆ. ಹಾಲಿನವರ ಲೆಕ್ಕದ ಚೀಟಿಯಲ್ಲಿದ್ದ 'ಕ'ಕ್ಕೂ ಕೊಲೆಗಾರನ ಹೆಸರಿನ 'ಕ'ಕ್ಕೂ ಹೋಲಿಕೆ ಇತ್ತೋ ಇಲ್ಲವೋ, ಇಂದಿಗೂ ತೀರ್ಮಾನವಾಗಿಲ್ಲ.

ವಿಶಾಲಾಕ್ಷಿ ಮೇಡಂ ನಿಯಮದ ಮಟ್ಟಿಗೆ ಬಲು ಬಿಗಿ. ತಮ್ಮ ಸ್ವಂತ ಅಣ್ಣ ಚೀಟಿ ತರದೆ ಬಂದಾಗ ಪುಸ್ತಕ ಕೊಡದೆ ಕಳಿಸಿದವರು. ಹಬ್ಬಕ್ಕೆ ಆ ಅಣ್ಣ ಕರೆಯಲೇ ಇಲ್ಲವಂತೆ. "ಕರೀದಿದ್ರೆ ಬೇಡ. ಚೀಟಿ ಚೀಟೀನೇ," ಎಂದು ನನ್ನ ಮುಂದೆಯೇ ಹೇಳಿದ್ದರು.

ಇಂಥ ಗ್ರಂಥಾಲಯಕ್ಕೆ ಒಂದು ದಿನ ಕಂಪ್ಯೂಟರ್ ಬಂತು. ಎರಡು ಸಾವಿರದ ಇಸವಿ ಕಳೆದ ಹೊಸತು. ಮೈಸೂರಿನಿಂದ ವ್ಯಾನಿನಲ್ಲಿ ಬಂದ ಇಬ್ಬರು ಅದನ್ನು ಒಳಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಫೋನಿನ ತಂತಿಗೆ ಸಿಕ್ಕಿಸಿ ಹೋದರು. ವ್ಯಾನು ತಿರುವು ದಾಟುವುದರೊಳಗೆ ವಿಶಾಲಾಕ್ಷಿ ಮೇಡಂ ಹೊಸ ಫಲಕ ಬರೆಸಲು ಹೊರಟಿದ್ದರು. ಹನ್ನೆರಡು ನಿಯಮಗಳು. ಚಪ್ಪಲಿ ಹೊರಗೆ ಬಿಡಬೇಕು. ಸದಸ್ಯರಿಗೆ ಮಾತ್ರ ಅವಕಾಶ. ಒಬ್ಬರಿಗೆ ದಿನಕ್ಕೆ ಅರ್ಧ ಗಂಟೆ. ಕರೆಂಟು ಇರಲಿ ಬಿಡಲಿ, ಕುರ್ಚಿಯ ಮೇಲೆ ಕೂತ ಕ್ಷಣದಿಂದ ಲೆಕ್ಕ. ಒಂದು ಕಂಪ್ಯೂಟರಿನ ಮುಂದೆ ಒಬ್ಬರೇ ಕೂರತಕ್ಕದ್ದು, ಕೋಣೆಯೊಳಗೆ ಎರಡನೆಯವರು ಬರುವಂತಿಲ್ಲ. ಓದುಗರು ಯಂತ್ರವನ್ನು ಅಲುಗಿಸುವುದಾಗಲಿ ತಿರುಗಿಸುವುದಾಗಲಿ ಮಾಡಬಾರದು. ಬಳಸುವ ಮೊದಲು ಉದ್ದೇಶವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಯದು: "ಗೊತ್ತಿಲ್ಲದ್ದನ್ನು ಒತ್ತಬಾರದು."

ಕೊನೆಯ ನಿಯಮವೊಂದೇ ಸಾಕಾಯಿತು. ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ಏನನ್ನೂ ಒತ್ತಲಿಲ್ಲ. ಮೂರು ತಿಂಗಳು ಅದು ಹಸಿರು ಬಟ್ಟೆ ಹೊದ್ದು ಕೂತಿತ್ತು. ರಿಜಿಸ್ಟರಿನಲ್ಲಿ ಅಷ್ಟರಲ್ಲಿ ಐದೋ ಆರೋ ಹೆಸರು ಇದ್ದವು. ಉದ್ದೇಶ ಎಂಬಲ್ಲಿ ಮೊದಲನೆಯವರು 'ಜ್ಞಾನ' ಎಂದು ಬರೆದಿದ್ದರು, ಉಳಿದವರು ಅದನ್ನೇ ನೋಡಿಕೊಂಡು 'ಜ್ಞಾನ', 'ಜ್ಞಾನ' ಎಂದು ಇಳಿಸಿದ್ದರು. ಒಬ್ಬರು ಮಾತ್ರ 'ಫ್ಯಾನಿನ ಗಾಳಿ' ಎಂದು ಬರೆದಿದ್ದರು. ಆ ಪುಣ್ಯಾತ್ಮರು ಯಾರೆಂದು ತಿಳಿಯಲು ನಾನು ಸಹಿಯನ್ನು ತಲೆಕೆಳಗು ಮಾಡಿ ಕೂಡ ನೋಡಿದೆ, ಗೊತ್ತಾಗಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಆ ವರ್ಷ ನಮ್ಮನ್ನೆಲ್ಲ ಐದು ದಿನದ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಮೊದಲ ದಿನ ಉದ್ಘಾಟನೆ, ಎರಡನೆಯ ದಿನ ಮೌಸ್ ಹಿಡಿಯುವುದು, ಮೂರನೆಯ ದಿನ ಹೆಸರು ಟೈಪು ಮಾಡಿ ಇಂಟರ್ನೆಟ್ಟಿನಲ್ಲಿ ತಾಜಮಹಲು ಹುಡುಕುವುದು, ನಾಲ್ಕನೆಯ ದಿನ ಕರೆಂಟು ಇಲ್ಲ, ಐದನೆಯ ದಿನ ಪ್ರಮಾಣಪತ್ರ. ಮೇ ತಿಂಗಳ ರಜೆಯಲ್ಲಿ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ವಿಶಾಲಾಕ್ಷಿ ಮೇಡಂ ಹತ್ತಿರ ಮಾತಿಗೆ ಮಾತು ಬಂದು, "ಕಂಪ್ಯೂಟರ್ ಏನು ಮಹಾ, ನನಗೆ ಟ್ರೈನಿಂಗ್ ಆಗಿದೆ," ಎಂದುಬಿಟ್ಟೆ. ಜಗಲಿಯ ಬೆಂಚಿನಲ್ಲಿ ಪತ್ರಿಕೆಯೊಂದು ಸರಕ್ಕನೆ ಮಡಚಿಕೊಂಡಿತು. ಅದರ ಹಿಂದೆ ಖಾದರ್ ಸಾಬರು ಇದ್ದರು.

ಖಾದರ್ ಸಾಬರು ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಾಳಿಗೆ ಮೆಟ್ಟಿಲಿನ ಕೆಳಗೆ ಅವರ ಅಂಗಡಿ. ಪಿರಿಯಾಪಟ್ಟಣ, ಕೋಟೆ, ಕೊಪ್ಪ ಕಡೆಯಿಂದೆಲ್ಲ ಮಿಷನ್ನುಗಳು ಗೋಣಿಚೀಲದಲ್ಲಿ ಕೂತು ಅವರಲ್ಲಿಗೆ ಬರುತ್ತಿದ್ದವು. ಮಧ್ಯಾಹ್ನ ನಮಾಜು, ಊಟ ಮುಗಿಸಿ ಅವರು ಪತ್ರಿಕೆ ಓದಲು ಗ್ರಂಥಾಲಯಕ್ಕೆ ಬರುವುದು ಇಪ್ಪತ್ತು ವರ್ಷದ ವಾಡಿಕೆ. ಆದರೆ ಅವರು ಸದಸ್ಯರಲ್ಲ. ಪತ್ರಿಕೆ ಓದಲು ಸದಸ್ಯತ್ವ ಬೇಕಾಗಿರಲಿಲ್ಲ.

"ಮೇಡಂ," ಎಂದರು ಬಾಗಿಲಲ್ಲಿ ನಿಂತು, "ಆ ಡಬ್ಬದೊಳಗೆ ದುನಿಯಾ ಎಲ್ಲಾ ಇದೆ ಅಂತಾರಲ್ಲ. ಒಂದು ಹೊಲಿಗೆ ಮಿಷನ್ ಇರಲ್ವಾ?"

ವಿಷಯ ಹೀಗಿತ್ತು. ಅಂತರಸಂತೆಯ ಜಯಮ್ಮ ಎಂಬಾಕೆಯ ಮಿಷನ್ನು ಹದಿನೈದು ದಿನದಿಂದ ಅವರ ಅಂಗಡಿಯಲ್ಲಿ ಬಿದ್ದಿತ್ತು. ತೀರಾ ಹಳೆಯದು, ವಿಲಾಯತಿಯದು. ಕೊಡಗಿನ ಯಾವುದೋ ಎಸ್ಟೇಟಿನವರು ಮಾರಿದಾಗ ಜಯಮ್ಮನ ಅತ್ತೆ ತಂದದ್ದಂತೆ. ಒಂದು ದಿನ ಸೂಜಿ ಮುರಿದು ಇವರಲ್ಲಿಗೆ ಬಂತು. ಇವರು ಬೇರೆ ಸೂಜಿ ಹಾಕಿದ ಮೇಲೆ ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಬೀಳದು, ಆರನೆಯದಕ್ಕೆ ದಾರ ಕಡಿಯುವುದು. ಖಾದರ್ ಸಾಬರು ಬಿಚ್ಚಿದರು, ಎಣ್ಣೆ ಬಿಟ್ಟರು, ಜೋಡಿಸಿದರು, ಮತ್ತೆ ಬಿಚ್ಚಿದರು. ಮೈಸೂರಿನಲ್ಲಿ ವಿಚಾರಿಸಿದರೆ, ಇಂಥದ್ದನ್ನು ನಾವು ಕಂಡೇ ಇಲ್ಲ, ಗುಜರಿಗೆ ಹಾಕಿ ಅಂದರಂತೆ.

"ಗುಜರಿಗೆ ಹಾಕೋಕೆ ಅದೇನು ಮುರಿದ ಬಕೆಟ್ಟಾ?" ಎಂದರು ಖಾದರ್ ಸಾಬರು. "ಆಯಮ್ಮ ಎರಡು ಸ್ಕೂಲಿನ ಯೂನಿಫಾರಂ ಒಪ್ಪಿಕೊಂಡಿದ್ದಾಳೆ. ಬಟ್ಟೆ ಕತ್ತರಿಸಿ ಇಟ್ಟಿದ್ದಾಳೆ. ಸ್ಕೂಲ್ ಬಾಗಿಲು ತೆಗೆಯೋಷ್ಟರಲ್ಲಿ ಕೊಡಲಿಲ್ಲ ಅಂದ್ರೆ ಮೈಸೂರಿನ ಅಂಗಡಿಯವರಿಗೆ ಹೋಗುತ್ತೆ, ಆಮೇಲೆ ವಾಪಸ್ ಬರಲ್ಲ. ಮೂರು ದಿನಕ್ಕೊಂದ್ಸಲ ಬಸ್ ಹತ್ತಿ ಬಂದು ಅಂಗಡಿ ಮುಂದೆ ಸುಮ್ನೆ ಕೂರ್ತಾಳೆ, ಬೈಯೋದೂ ಇಲ್ಲ. ಬೈದ್ರೆ ಒಳ್ಳೇದಿತ್ತು ಮೇಡಂ."

ನಾನು 'ಅದಕ್ಕೇನಂತೆ' ಎಂದೆ. ಆ ಒಂದು ಪದವನ್ನು ನಾನು ಜೀವನದಲ್ಲಿ ಎಷ್ಟು ಕಡೆ ಆಡಿ ಸಿಕ್ಕಿಬಿದ್ದಿದ್ದೇನೆ ಎಂದರೆ, ಅದರ ಮೇಲೆಯೇ ಒಂದು ಪ್ರಬಂಧ ಬರೆಯಬಹುದು.

ರಿಜಿಸ್ಟರಿನಲ್ಲಿ 'ಜ್ಞಾನ' ಎಂದು ಬರೆದು ಕುರ್ಚಿಯ ಮೇಲೆ ಕೂತೆ. ವಿಶಾಲಾಕ್ಷಿ ಮೇಡಂ ಗಡಿಯಾರ ನೋಡಿಕೊಂಡರು. ಕಂಪ್ಯೂಟರ್ ಎಚ್ಚರವಾಗಲು ಐದು ನಿಮಿಷ. ಫೋನಿನ ಮೂಲಕ ಇಂಟರ್ನೆಟ್ ಸಿಗುವಾಗ ಅದು ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿಕೊಂಡಿತು. ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಅದಕ್ಕೆ ಮತ್ತೆ ಆರು ನಿಮಿಷ. ಆಮೇಲೆ ಏನು ಹುಡುಕುವುದು? ಮಿಷನ್ನಿನ ಮೇಲಿನ ಹೆಸರು ಉಜ್ಜಿಹೋಗಿತ್ತು. ಕತ್ತಿನ ಹತ್ತಿರ ಒಂದು ಹಕ್ಕಿಯ ಗುರುತು ಉಳಿದಿದೆ, ಬಾತುಕೋಳಿ ಇದ್ದ ಹಾಗಿದೆ ಎಂದು ಖಾದರ್ ಸಾಬರು ಹೇಳಿದ್ದರು. ಇಂಗ್ಲಿಷಿನಲ್ಲಿ 'ಹಳೆಯ ಹೊಲಿಗೆ ಯಂತ್ರ, ಬಾತುಕೋಳಿ' ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪರದೆಯ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಚಿತ್ರ ಇಳಿಯತೊಡಗಿತು. ಮೊದಲು ಆಕಾಶ. ಆಮೇಲೆ ಮರ. ಆಮೇಲೆ ಕೊಳ. ನಾನು ಮಿಷನ್ನಿಗಾಗಿ ಕಣ್ಣು ನೆಟ್ಟು ಕಾದಿದ್ದೆ. ಬಂದದ್ದು ಒಂಬತ್ತು ಬಾತುಕೋಳಿಗಳು.

"ಟೈಮ್ ಆಯ್ತು," ಎಂದರು ವಿಶಾಲಾಕ್ಷಿ ಮೇಡಂ.

ಎರಡನೆಯ ದಿನ ಕೂತ ತಕ್ಷಣ ಕರೆಂಟು ಹೋಯಿತು. ನಿಯಮದ ಪ್ರಕಾರ ಅರ್ಧ ಗಂಟೆ ಕತ್ತಲೆ ಪರದೆಯ ಮುಂದೆ ಕೂತು ನನ್ನ ಮುಖವನ್ನೇ ನೋಡಿಕೊಂಡೆ. ಎದ್ದು ಚಪ್ಪಲಿ ಮೆಟ್ಟುವಾಗ ಕರೆಂಟು ಬಂತು. ನಾನು ಆಸೆಯಿಂದ ವಿಶಾಲಾಕ್ಷಿ ಮೇಡಂ ಮುಖ ನೋಡಿದೆ. ಅವರು ಫಲಕದ ಕಡೆ ನೋಡಿದರು.

ಆ ರಾತ್ರಿ ಊಟ ಮಾಡುವಾಗ ಯಜಮಾನರು, "ಬರೋದಿಲ್ಲ ಅಂತ ಹೇಳಿಬಿಡಬಾರದಾ?" ಎಂದರು. ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಬೇರೆ ಹುಚ್ಚು ಹಿಡಿದಿತ್ತು. ನಾನು ಕಣ್ಣಿಂದ ಕಾಣದ ಒಂದು ಮಿಷನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ, ನಾಲ್ಕು ಹೊಲಿಗೆಗೆ ಸುಮ್ಮನಿದ್ದದ್ದು ಐದನೆಯದಕ್ಕೆ ಯಾಕೆ ಮುನಿಸಿಕೊಳ್ಳುತ್ತದೆ? ತಿಳಿಯದೆ ನಿದ್ದೆ ಬರುವ ಹಾಗಿರಲಿಲ್ಲ.

ಮೂರನೆಯ ದಿನ ಗ್ರಂಥಾಲಯಕ್ಕೆ ಹೋದರೆ, ಚೀಲ ಇಡುವ ಜಾಗದಲ್ಲಿ ಒಂದು ದೊಡ್ಡ ಗೋಣಿಚೀಲ, ಅದರ ಮೇಲೆ ಏಳನೇ ನಂಬರಿನ ಟೋಕನ್ನು. ಪಕ್ಕದಲ್ಲಿ ತೆಳ್ಳಗೆ ಎತ್ತರದ ಹೆಂಗಸೊಬ್ಬಳು, ಸೆರಗಿನ ತುದಿಗೆ ಎರಡು ಸೂಜಿ ಸಿಕ್ಕಿಸಿಕೊಂಡವಳು, ಟೋಕನ್ನಿನ ಇನ್ನೊಂದು ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಜಯಮ್ಮ. ಮಿಷನ್ನನ್ನು ವಾಪಸು ಒಯ್ಯಲು ಬಂದಿದ್ದಳು.

"ಖಾದರಣ್ಣ ಅಂದ್ರು, ಮೇಡಮ್ಮೋರು ಇವತ್ತೊಂದ್ಸಲ ನೋಡ್ತಾರೆ, ಆಗ್ನಿಲ್ಲ ಅಂದ್ರೆ ತಕೊಂಡೋಗು ಅಂತ," ಎಂದಳು. "ಕತ್ರಿಸಿರೋ ಬಟ್ಟೆ ನೋಡ್ತಾ ಕುಂತ್ರೆ ಅನ್ನ ಇಳಿಯಕಿಲ್ಲ ಕಣವ್ವ. ಕೈಯಾಗೇ ಒಲಿಯವಾ ಅಂತ ಸುರು ಅಚ್ಕೊಂಡಿವ್ನಿ. ನಾಕು ಚಡ್ಡಿ ಆಗವೆ. ಇನ್ನೂ ಅರವತ್ತವೆ."

ಇದನ್ನು ಕೇಳಿದ ಮೇಲೆ ನನಗೆ ಬಾತುಕೋಳಿಗಳ ವಿಷಯ ಹೇಳಲು ಬಾಯಿ ಬರಲಿಲ್ಲ. ಖಾದರ್ ಸಾಬರು ಗೋಣಿಯನ್ನು ಸ್ವಲ್ಪ ಇಳಿಸಿ ಹಕ್ಕಿಯ ಗುರುತು ತೋರಿಸಿದರು. ನಾನು ಅವರಿಗೆ ಹೇಳಿದೆ: "ಸಾಬರೇ, ನಂಗೆ ಮಿಷನ್ ಗೊತ್ತಿಲ್ಲ, ನಿಮಗೆ ಇಂಗ್ಲಿಷ್ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಕೂತರೆ ಮಾತ್ರ ಏನಾದರೂ ಆದೀತು." ಇಬ್ಬರೂ ವಿಶಾಲಾಕ್ಷಿ ಮೇಡಂ ಕಡೆ ತಿರುಗಿದೆವು.

ಅವರು ಬಹಳ ಹೊತ್ತು ಫಲಕವನ್ನೇ ನೋಡಿದರು, ಅದನ್ನು ಬರೆಸಿದವರು ತಾವಲ್ಲ ಎಂಬಂತೆ. "ಒಳಗೆ ಒಬ್ಬರೇ. ಅದೂ ಸದಸ್ಯರು ಮಾತ್ರ," ಎಂದರು. ಜಯಮ್ಮ ಟೋಕನ್ನನ್ನು ಮೇಜಿನ ಮೇಲಿಟ್ಟು ಗೋಣಿಗೆ ಕೈ ಹಾಕಿದಳು. ಆಗ ವಿಶಾಲಾಕ್ಷಿ ಮೇಡಂ ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡು, ಯಾರಿಗೂ ಹೇಳದ ಹಾಗೆ ಹೇಳಿದರು: "ಕಿಟಕಿ ಹೊರಗೆ ಎಷ್ಟು ಜನ ನಿಲ್ಲಬೇಕು, ಅವರು ಸದಸ್ಯರಾಗಿರಬೇಕಾ ಬೇಡವಾ, ಅದೇನೂ ಬರೆದಿಲ್ಲ."

ಖಾದರ್ ಸಾಬರು ಆ ಮಾತು ಮುಗಿಯುವ ಮೊದಲೇ ಜಗಲಿ ಸುತ್ತಿ ಕಿಟಕಿಗೆ ಹೋಗಿದ್ದರು. ಹಿಂದೆ ಗೋಣಿ ಎತ್ತಿಕೊಂಡು ಜಯಮ್ಮ. ಅವರ ಹಿಂದೆ ಇಡೀ ಬೆಂಚು. ನಾನು ಕೂತೆ. ಕಂಪ್ಯೂಟರ್ ಕಿರುಚಿತು.

"ಏನಂತ ಒತ್ಲಿ?" ಎಂದೆ ಕಿಟಕಿಗೆ.

"ಬಾತುಕೋಳಿ ಬೇಡ. ಅದು ಕೊಕ್ಕರೆ ಕಣ್ರೀ, ಕತ್ತು ನೋಡಿ," ಎಂದರು ಬೆಂಚಿನವರೊಬ್ಬರು.

"ಕೊಕ್ಕರೆಗೆ ಕಾಲು ಎಲ್ಲೋಯ್ತು ಹಂಗಾದ್ರೆ?" ಎಂದರು ಮತ್ತೊಬ್ಬರು.

"ನೀರಾಗೆ ನಿಂತದೆ ಬುಡಿ," ಎಂದಳು ಜಯಮ್ಮ.

ಹಕ್ಕಿಯ ಚರ್ಚೆಯಲ್ಲೇ ಎಂಟು ನಿಮಿಷ ಹೋಯಿತು. ಕೊನೆಗೆ ಖಾದರ್ ಸಾಬರು, "ಅರೆ, ಮದುವೆ ಕಾರ್ಡ್ ಮೇಲೆ ಜೋಡಿ ಹಾಕ್ತಾರಲ್ಲ ಮೇಡಂ, ಅದು!" ಎಂದು ಕೂಗಿದರು. ಹಂಸ! ನಮ್ಮಲ್ಲಿ ಯಾರೂ ಹಂಸವನ್ನು ಕಂಡವರಲ್ಲ, ಆದರೆ ಮದುವೆ ಕಾರ್ಡನ್ನು ಕಾಣದವರು ಯಾರು? ಬಾತುಕೋಳಿಯ ಜಾಗದಲ್ಲಿ ಹಂಸದ ಇಂಗ್ಲಿಷ್ ಹೆಸರು ಒತ್ತಿದೆ. ಪರದೆಯಲ್ಲಿ ಗೆರೆಗೆರೆಯಾಗಿ ಇಳಿಯಲು ಶುರುವಾಯಿತು. ಈ ಸಲ ಆಕಾಶವಿಲ್ಲ. ಒಂದು ಕಪ್ಪು ಬೆನ್ನು, ಒಂದು ಚಕ್ರ, ಕತ್ತಿನ ಮೇಲೆ ಹಕ್ಕಿ.

"ಬಂತು!" ಎಂದು ನಾನು ಕೂಗಿದೆ. ಮೌನ ಪಾಲಿಸಬೇಕೆಂಬ ನಿಯಮವೂ ಗೋಡೆಯಲ್ಲಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ತೊಂದರೆ ಎಂದರೆ, ಪರದೆ ನನ್ನ ಕಡೆಗಿತ್ತು, ಕಿಟಕಿಗೆ ಕಂಪ್ಯೂಟರಿನ ಬೆನ್ನು. ನಾನು ಕಂಡದ್ದನ್ನು ಬಾಯಲ್ಲಿ ವರ್ಣಿಸಿದೆ. "ಸೂಜಿ ಹತ್ತಿರ ಒಂದು ಬಾಣದ ಗುರುತಿದೆ." "ಯಾವ ಕಡೆಗಿದೆ?" "ಈ ಕಡೆಗೆ." "ಈ ಕಡೆ ಅಂದ್ರೆ ಯಾವ ಕಡೆ ಮೇಡಂ?" ಅವರ ಎಡ ನನಗೆ ಬಲ, ನನ್ನ ಬಲ ಮಿಷನ್ನಿಗೆ ಏನೋ. ಬಿಳಿ ಹಾಳೆಯಲ್ಲಿ ಬರೆದು ತೋರಿಸಿದೆ. ಖಾದರ್ ಸಾಬರು ಅದನ್ನು ಕೈಗೆ ತೆಗೆದುಕೊಂಡು ಗೌರವದಿಂದ ನೋಡಿ, "ಇದು ಆನೆಯಾ ಮೇಡಂ?" ಎಂದರು. ಪ್ರಿಂಟು ತೆಗೆಯುವ ಯಂತ್ರ ಇನ್ನೂ ಬಂದಿರಲಿಲ್ಲ. ಕಂಪ್ಯೂಟರನ್ನು ತಿರುಗಿಸುವಂತಿಲ್ಲ. ಐದು ನಿಮಿಷ ಉಳಿದಿತ್ತು.

ವಿಶಾಲಾಕ್ಷಿ ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದರು. "ನೀವು ಎದ್ದು ಹೊರಗೆ ನಿಂತ್ಕೊಳ್ಳಿ. ಒಳಗೆ ಒಬ್ಬರೇ," ಎಂದು ನನ್ನನ್ನು ಹೊಸಿಲಿನಾಚೆ ಕಳಿಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಆ ಭಾರದ ಡಬ್ಬವನ್ನು ತಬ್ಬಿ, ಇಂಚು ಇಂಚಾಗಿ ಕಿಟಕಿಯ ಕಡೆಗೆ ತಿರುಗಿಸಿದರು. "ತಿರುಗಿಸಬಾರದು ಅಂತ ಇರೋದು ಓದುಗರಿಗೆ," ಎಂದರು ಏದುಸಿರು ಬಿಡುತ್ತ. "ನಾನು ಗ್ರಂಥಪಾಲಕಿ."

ಖಾದರ್ ಸಾಬರು ಸರಳು ಹಿಡಿದು ಪರದೆಯನ್ನು ನೋಡಿದರು. ಒಂದು ನಿಮಿಷ ನೋಡಿದರು. ಆಮೇಲೆ ಹಣೆಯನ್ನು ಸರಳಿಗೆ ಒಮ್ಮೆ ಕುಟ್ಟಿಕೊಂಡು ನಗತೊಡಗಿದರು. ನಗುತ್ತ ನಗುತ್ತ ಜಗಲಿಯ ಮೇಲೆ ಕೂತು, ಗೋಣಿಯಿಂದ ಮಿಷನ್ನನ್ನು ಹೊರತೆಗೆದು, ಸೂಜಿಯ ತಿರುಪು ಸಡಿಲಿಸಿ, ಸೂಜಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿ ಮಾಡಿದರು. ದಾರವನ್ನು ಎಡದಿಂದ ಬಲಕ್ಕೆ ಪೋಣಿಸುವ ಬದಲು ಬಲದಿಂದ ಎಡಕ್ಕೆ ಪೋಣಿಸಿದರು. ಜಯಮ್ಮ ಸೆರಗಿನ ತುದಿಯನ್ನೇ ಸೂಜಿಯ ಕೆಳಗೆ ಕೊಟ್ಟು ಕೈಚಕ್ರ ತಿರುಗಿಸಿದಳು. ನಾಲ್ಕು ಹೊಲಿಗೆ ಬಿತ್ತು. ಐದನೆಯದು ಬಿತ್ತು. ಆರನೆಯದು ಬಿತ್ತು. ಸೆರಗಿನ ಉದ್ದಕ್ಕೂ ಹೊಲಿಗೆ ಓಡಿತು.

"ಎಲ್ಲಾ ಮಿಷನ್ನಿಗೂ ಸೂಜಿ ಚಪ್ಪಟೆ ಭಾಗ ಬಲಕ್ಕೆ," ಎಂದರು ಖಾದರ್ ಸಾಬರು, ಜಯಮ್ಮನ ಮುಖ ನೋಡದೆ. "ಇದಕ್ಕೊಂದಕ್ಕೆ ಎಡಕ್ಕೆ. ನಲವತ್ತು ವರ್ಷದ ಅಭ್ಯಾಸ, ಕೈ ತಾನೇ ಬಲಕ್ಕೆ ಹಾಕ್ತು. ಹದಿನೈದು ದಿನದಿಂದ ಮಿಷನ್ ಕೆಟ್ಟಿರಲಿಲ್ಲಮ್ಮ. ನಾನೇ ಕೆಟ್ಟಿದ್ದೆ. ಮಾಫ್ ಮಾಡು."

"ಬುಡಣ್ಣೋ," ಎಂದಳು ಜಯಮ್ಮ, ಹೊಲಿಗೆಯ ಮೇಲೆ ಬೆರಳಾಡಿಸುತ್ತ. "ನೀನಾಗಿದ್ದಕ್ಕೆ ನಿಜ ಏಳ್ದೆ. ಬ್ಯಾರೆಯೋರಾಗಿದ್ರೆ ಸಾಮಾನು ಬದ್ಲಾಯಿಸ್ದೆ ಅಂತಿದ್ರು." ಅಷ್ಟು ಹೇಳಿ, ನಾಲ್ಕು ಗಂಟೆಯ ಕೋಟೆ ಬಸ್ಸು ತಪ್ಪುತ್ತದೆಂದು ಗೋಣಿ ಹೊತ್ತು ಓಡಿದಳು. ಏಳನೇ ನಂಬರಿನ ಟೋಕನ್ನನ್ನು ಹಿಂದಿರುಗಿಸಿದ್ದಾಳೆಯೇ ಎಂದು ವಿಶಾಲಾಕ್ಷಿ ಮೇಡಂ ಮೊದಲು ನೋಡಿಕೊಂಡು, ಆಮೇಲೆ ನಕ್ಕರು. ಖಾದರ್ ಸಾಬರಿಗೆ ಒಂದು ಸದಸ್ಯತ್ವದ ಅರ್ಜಿ ಕೊಟ್ಟರು. ನಾನು ರಿಜಿಸ್ಟರಿನಲ್ಲಿ 'ಜ್ಞಾನ' ಎಂಬುದನ್ನು ಹೊಡೆದು 'ಸೂಜಿ' ಎಂದು ಬರೆದೆ. ಮರುವಾರ ಫಲಕದಲ್ಲಿ ಹದಿಮೂರನೆಯ ನಿಯಮ ಸೇರಿತ್ತು: "ಕಿಟಕಿಯ ಹೊರಗೆ ನಿಂತವರು ಒಬ್ಬೊಬ್ಬರಾಗಿ ಮಾತನಾಡತಕ್ಕದ್ದು."

ಶಾಲೆ ಶುರುವಾಗಿ ಹತ್ತು ದಿನಕ್ಕೆ ಜಯಮ್ಮ ನಮ್ಮ ಮನೆ ಹುಡುಕಿಕೊಂಡು ಬಂದಳು. ಯೂನಿಫಾರಂ ಎಲ್ಲ ಹೊತ್ತಿಗೆ ಸರಿಯಾಗಿ ಮುಟ್ಟಿತ್ತು. ಕಾಗದದಲ್ಲಿ ಸುತ್ತಿದ ಒಂದು ರವಿಕೆ ಕೊಟ್ಟಳು, ಕೆಂಪಂಚಿನ ಹಸಿರು ಬಟ್ಟೆ, ತೋಳಿನ ಮೇಲೆ ಸಣ್ಣದಾಗಿ ಒಂದು ಹಂಸ. ನನಗೆ ಕಣ್ಣು ಒದ್ದೆಯಾಯಿತು. ಒಳಗೆ ಹೋಗಿ ತೊಟ್ಟು ನೋಡಿದರೆ ಕೊಕ್ಕೆ ಹತ್ತಲೊಲ್ಲದು, ಎರಡು ಬೆರಳು ಬಿಗಿ.

"ಅಳತೆ ಯಾವಾಗ ತಗೊಂಡೆ ಜಯಮ್ಮ?" ಎಂದು ನಾಜೂಕಾಗಿ ಕೇಳಿದೆ.

"ಅಳ್ತೆ ಯಾಕವ್ವ, ಕಣ್ಣಲ್ಲೇ ತಕೊಂಡೆ. ಅವತ್ತು ಕಿಟ್ಕೀಲಿ ನಿಂತ್ಕೊಂಡು ಅರ್ಧ ಗಂಟೆ ನಿಮ್ಮುನ್ನೇ ನೋಡ್ತಿದ್ನಲ್ಲ." ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗಲ್ಲದ ಮೇಲೆ ಬೆರಳಿಟ್ಟಳು. "ಅಯ್ಯೋ, ನೀವು ಅವತ್ತು ಎದ್ರಿಕೊಂಡು ಉಸ್ರು ಬಿಗಿ ಇಡ್ಕೊಂಡು ಕುಂತಿದ್ರಾ?"

ನಾನು ಒಪ್ಪಿಕೊಳ್ಳಲಿಲ್ಲ. ಮನೆಯಲ್ಲಿ ಆ ರವಿಕೆ ತೊಟ್ಟು ನಾಲ್ಕು ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೆ ಯಾರಾದರೂ ಬಂದು, "ಮೇಡಂ, ನಿಮಗೆ ಕಂಪ್ಯೂಟರ್ ಬರುತ್ತಂತಲ್ಲ," ಎಂದರೆ ಅದನ್ನೇ ತೊಟ್ಟುಕೊಂಡು ಗ್ರಂಥಾಲಯಕ್ಕೆ ಹೋಗುತ್ತೇನೆ. ಆ ಕುರ್ಚಿಯ ಮೇಲೆ ಕೂತ ಅರ್ಧ ಗಂಟೆ ಮಾತ್ರ ಅದು ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ.